ರಸ್ತೆಯಲ್ಲೇ ಓಡುವ ಫಾಸ್ಟ್ ಕಾರಿಗೆ ಬ್ರೇಕ್ ಅಪ್‌ಗ್ರೇಡ್: ದೊಡ್ಡ ಕಿಟ್ ಹಾಕಿಸಲಾ, ಬೇಡವಾ?

ಕೆಂಪು_ಹ್ಯಾಚ್

ಎಲ್ಲರಿಗೂ ನಮಸ್ಕಾರ. ನನ್ನದು 2 ಲೀಟರ್ ಟರ್ಬೊ ಪೆಟ್ರೋಲ್ ಹ್ಯಾಚ್‌ಬ್ಯಾಕ್, ನಾನೂ ಕೂತರೆ ಹೆಚ್ಚುಕಡಿಮೆ 1500 ಕೆ.ಜಿ. ಇಸಿಯು ರೀಮ್ಯಾಪ್ (ಎಂಜಿನ್ ಕಂಪ್ಯೂಟರಿನ ಸೆಟ್ಟಿಂಗ್ ಬದಲಾವಣೆ) ಮಾಡಿಸಿದ ಮೇಲೆ ಓಟ ಜೋರಾಗಿದೆ, ಬ್ರೇಕ್ ಮಾತ್ರ ಕಾರಿನ ಜೊತೆ ಬಂದದ್ದೇ. ಮುಂದೆ 312 ಮಿ.ಮೀ. ಡಿಸ್ಕ್, ಒಂದು ಪಿಸ್ಟನ್ ಸ್ಲೈಡಿಂಗ್ ಕ್ಯಾಲಿಪರ್ (ಬ್ರೇಕ್ ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ). ಟ್ರ್ಯಾಕ್‌ಗೆ ಹೋಗುವುದಿಲ್ಲ. ದಿನಾ ಆಫೀಸು, ಬಿಡುವಿದ್ದಾಗ ಬೆಟ್ಟದ ರಸ್ತೆ, ಅಷ್ಟೇ. ಆದರೆ ಇಳಿಯುವಾಗ ಅರ್ಧ ದಾರಿ ಆಗುವಷ್ಟರಲ್ಲಿ ಬ್ರೇಕ್ ಮೇಲಿನ ನಂಬಿಕೆ ಹೋಗಿಬಿಡುತ್ತದೆ.

6 ಪಿಸ್ಟನ್ ಕ್ಯಾಲಿಪರ್, 355 ಮಿ.ಮೀ. ಡಿಸ್ಕ್ ಇರುವ ಒಂದು ಕಿಟ್ ಕಣ್ಣಿಗೆ ಬಿದ್ದಿದೆ. ಮುಂದಿನ ಎರಡು ಚಕ್ರಕ್ಕೆ ಮಾತ್ರ. 18 ಇಂಚಿನ ಚಕ್ರದೊಳಗೆ ಕೂರುತ್ತದೆ ಅನ್ನುತ್ತಾರೆ. ತಗೊಳ್ಳಲಾ?

ಆರು_ಪಿಸ್ಟನ್

ತಗೊಳ್ಳಿ ಗುರು. ಯೋಚನೆ ಮಾಡುವಂಥದ್ದು ಏನಿದೆ? ಪವರ್ ಜಾಸ್ತಿ ಮಾಡಿದ ಮೇಲೆ ಬ್ರೇಕೂ ಜಾಸ್ತಿ ಮಾಡಬೇಕು. ನಾನು ಹಾಕಿಸಿದ್ದೀನಿ, ಪೆಡಲ್ ಮೇಲೆ ಕಾಲಿಟ್ಟರೆ ಗೋಡೆ ಮುಟ್ಟಿದ ಹಾಗೆ.

17ನಂಬರ್_ಸ್ಪ್ಯಾನರ್

ತಗೊಳ್ಳುವುದು ಇದ್ದೇ ಇದೆ, ಮೊದಲು ಒಂದು ಪ್ರಶ್ನೆಗೆ ಉತ್ತರ ಹೇಳಿ. ಇಳಿಯುವಾಗ ಬ್ರೇಕ್ ಕೈಕೊಡುತ್ತದಲ್ಲ, ಆಗ ಪೆಡಲ್ ಹೇಗಿರುತ್ತದೆ? ಎರಡರಲ್ಲಿ ಒಂದಾಗಿರುತ್ತದೆ.

ಪೆಡಲ್ ಗಟ್ಟಿಯಾಗೇ ಇದ್ದು, ಎಷ್ಟು ಒತ್ತಿದರೂ ಕಾರು ನಿಲ್ಲುತ್ತಿಲ್ಲ ಅಂದರೆ ಪ್ಯಾಡ್ ಸುಟ್ಟಿದೆ. ಪ್ಯಾಡ್ ಒಳಗೆ ಪುಡಿಗಳನ್ನೆಲ್ಲ ಹಿಡಿದಿಡುವ ರಾಳ ಇರುತ್ತದೆ. ಅದರ ಮಿತಿ ಮೀರಿ ಬಿಸಿಯಾದಾಗ ಆ ರಾಳ ಒಡೆದು ಗ್ಯಾಸ್ ಬಿಡುತ್ತದೆ, ಹಿಡಿತ ಜಾರುತ್ತದೆ.

ಪೆಡಲ್ ಮೆತ್ತಗಾಗಿ ಕೆಳಕ್ಕೆ ಹೋಗುತ್ತಿದ್ದರೆ, ಎರಡು ಮೂರು ಸಲ ಪಂಪ್ ಮಾಡಿದರೆ ಸ್ವಲ್ಪ ಮೇಲೆ ಬಂದರೆ, ಬ್ರೇಕ್ ಆಯಿಲ್ ಕುದಿಯುತ್ತಿದೆ. ಆಯಿಲನ್ನು ಒತ್ತಿ ಚಿಕ್ಕದು ಮಾಡಲು ಆಗುವುದಿಲ್ಲ, ಆವಿಯನ್ನು ಆಗುತ್ತದೆ. ನೀವು ಕಾಲಲ್ಲಿ ಕೊಟ್ಟ ಒತ್ತಡವೆಲ್ಲ ಆ ಗುಳ್ಳೆ ಹಿಚುಕುವುದಕ್ಕೇ ಹೋಗುತ್ತದೆ, ಕ್ಯಾಲಿಪರ್‌ಗೆ ಏನೂ ಉಳಿಯುವುದಿಲ್ಲ.

ಇವೆರಡೂ ಬೇರೆ ಬೇರೆ ಕಾಯಿಲೆ, ಬೇರೆ ಬೇರೆ ಔಷಧಿ. ಬರೀ "ಬ್ರೇಕ್ ಹೋಯ್ತು" ಅಂದರೆ ಯಾರೂ ಏನೂ ಹೇಳಲು ಆಗುವುದಿಲ್ಲ. ಹಾಗೇ ಹೇಳಿ: ಆಯಿಲ್ ಯಾವಾಗ ಬದಲಿಸಿದ್ದು? ಪ್ಯಾಡ್ ಯಾವುದು? ಟೈರ್ ಎಷ್ಟು ಹಳೇದು?

ಕೆಂಪು_ಹ್ಯಾಚ್

ಎರಡನೇದು. ಪೆಡಲ್ ಮೆತ್ತಗಾಗುತ್ತದೆ, ಪಂಪ್ ಮಾಡಿದರೆ ಬರುತ್ತದೆ. ಕೆಳಗೆ ಬಂದು ಸ್ವಲ್ಪ ಹೊತ್ತು ನಿಲ್ಲಿಸಿದರೆ ಏನೂ ಆಗೇ ಇಲ್ಲವೇನೋ ಅನ್ನುವ ಹಾಗೆ ಸರಿ ಹೋಗುತ್ತದೆ. ಕಾರಿಗೆ 4 ವರ್ಷ. ಬ್ರೇಕ್ ಆಯಿಲ್ ಬದಲಿಸಿದ ಹಾಗೆ ಸರ್ವಿಸ್ ಪುಸ್ತಕದಲ್ಲಿ ಎಲ್ಲೂ ಇಲ್ಲ. ಪ್ಯಾಡ್ ಸಾಮಾನ್ಯದ್ದು. ಟೈರೂ ಕಾರಿನಷ್ಟೇ ಹಳೇದು, ಗುಂಡಿ (ಟ್ರೆಡ್) ಇನ್ನೂ ಚೆನ್ನಾಗಿದೆ. ಇನ್ನೊಂದು, 100ರ ವೇಗದಿಂದ ಬ್ರೇಕ್ ಹಿಡಿದರೆ ಸ್ಟೀರಿಂಗ್ ನಡುಗುತ್ತದೆ. ಡಿಸ್ಕ್ ಬೆಂಡ್ ಆಗಿದೆ ಅಂದರು, ಅದಕ್ಕೇ ಹೇಗಿದ್ದರೂ ಡಿಸ್ಕ್ ಬದಲಿಸಬೇಕಲ್ವಾ, ದೊಡ್ಡದನ್ನೇ ಹಾಕಿಸೋಣ ಅಂತ ತಲೆಗೆ ಬಂತು.

ಎಣ್ಣೆ_ಕೈ

4 ವರ್ಷದ ಆಯಿಲ್! ಉತ್ತರ ಅಲ್ಲೇ ಸಿಕ್ಕಿತಲ್ಲ ಸರ್.

ಬ್ರೇಕ್ ಆಯಿಲ್ ದರ್ಜೆಗಳಾದ ಡಾಟ್ 3, ಡಾಟ್ 4, ಡಾಟ್ 5.1 ಮೂರೂ ಗ್ಲೈಕಾಲ್ ಮೂಲದ್ದು, ಗಾಳಿಯ ತೇವವನ್ನು ಹೀರುತ್ತಲೇ ಇರುತ್ತದೆ. ಮುಚ್ಚಳ ತೆಗೆಯದಿದ್ದರೂ ರಬ್ಬರ್ ಹೋಸ್ ಮೂಲಕವೇ ನಿಧಾನಕ್ಕೆ ನೀರು ಒಳಗೆ ಸೇರುತ್ತದೆ. ಡಾಟ್ 4 ಹೊಸದಾಗಿದ್ದಾಗ ಕಡಿಮೆ ಅಂದರೂ 230 ಡಿಗ್ರಿವರೆಗೆ ಕುದಿಯಬಾರದು ಅಂತ ನಿಯಮ. ಅದೇ ಆಯಿಲ್‌ಗೆ ಶೇ. 3.7 ನೀರು ಸೇರಿದರೆ ಕುದಿಯುವ ಮಟ್ಟದ ಕನಿಷ್ಠ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3 ಆದರೆ 205 ಮತ್ತು 140, ಡಾಟ್ 5.1 ಆದರೆ 260 ಮತ್ತು 180. ಡಬ್ಬದ ಮೇಲೆ ಎರಡು ಸಂಖ್ಯೆ ಇರುತ್ತದೆ, ಜನ ದೊಡ್ಡದನ್ನು ನೋಡಿ ಕೊಳ್ಳುತ್ತಾರೆ. ರಸ್ತೆ ಕಾರಿಗೆ ನೋಡಬೇಕಾದ್ದು ಚಿಕ್ಕದನ್ನು, ಯಾಕೆಂದರೆ ನಿಮ್ಮ ಕಾರಿನಲ್ಲಿ ವರ್ಷಗಟ್ಟಲೆ ಇರುವುದು ಒದ್ದೆ ಆಯಿಲೇ.

ಡಾಟ್ 5 ಅಂತ ಇನ್ನೊಂದಿದೆ, ಅದು ಸಿಲಿಕೋನ್. 5.1ಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಎಬಿಎಸ್ (ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಕಾರಿಗೆ ಹಾಕಬಾರದು, ಗ್ಲೈಕಾಲ್ ಜೊತೆ ಬೆರೆಸಲೂ ಬಾರದು. ಇದನ್ನು ಹೇಳಿ ಹೇಳಿ ಸಾಕಾಗಿದೆ, ಆದರೂ ಯಾರಾದರೂ 5 ಅಂದರೆ 4ಕ್ಕಿಂತ ಮೇಲು ಅಂದುಕೊಂಡು ತರುತ್ತಲೇ ಇರುತ್ತಾರೆ.

ಬ್ಲೀಡ್ ಮಾಡುವಾಗ, ಅಂದರೆ ಹಳೇ ಆಯಿಲ್, ಗಾಳಿ ಹೊರಗೆ ತೆಗೆಯುವಾಗ, ಬ್ರೇಕ್ ಆಯಿಲ್ ಟ್ಯಾಂಕ್ ಖಾಲಿ ಆಗದ ಹಾಗೆ ನೋಡಿಕೊಳ್ಳಿ. ಎಬಿಎಸ್ ಯೂನಿಟ್ ಒಳಗೆ ಗಾಳಿ ಹೋದರೆ ಎಷ್ಟೋ ಕಾರುಗಳಲ್ಲಿ ಸ್ಕ್ಯಾನರ್ ಹಾಕಿ ಅದರ ಪಂಪ್ ಓಡಿಸದೆ ಗಾಳಿ ಹೊರಗೆ ಬರುವುದಿಲ್ಲ. ಯಾವ ಚಕ್ರ ಮೊದಲು ಅನ್ನುವುದನ್ನು ಕಾರಿನ ಪುಸ್ತಕ ನೋಡಿ ಮಾಡಿ, ಎಲ್ಲದಕ್ಕೂ ಒಂದೇ ಕ್ರಮ ಇರುವುದಿಲ್ಲ. ಪೇಂಟ್ ಮೇಲೆ ಚೆಲ್ಲಿದರೆ ತಕ್ಷಣ ನೀರು ಹಾಕಿ ತೊಳೆಯಿರಿ, ಇಲ್ಲದಿದ್ದರೆ ಪೇಂಟ್ ಎದ್ದು ಬರುತ್ತದೆ. ತೆರೆದ ಡಬ್ಬ ಉಳಿದರೆ ಮುಂದಿನ ಸಲಕ್ಕೆ ಅಂತ ಎತ್ತಿಡಬೇಡಿ.

ಆರು_ಪಿಸ್ಟನ್

ಆಯಿಲ್ ಬದಲಿಸಲಿ, ಬೇಡ ಅನ್ನಲ್ಲ. ಆದರೆ 312 ಡಿಸ್ಕ್ ಅಷ್ಟು ಬಿಸಿಯಾಗಿದ್ದಕ್ಕೇ ತಾನೇ ಆಯಿಲ್ ಕುದಿದದ್ದು? ದೊಡ್ಡ ಡಿಸ್ಕ್ ಇದ್ದರೆ ಬಿಸಿಯೇ ಕಡಿಮೆ. ಜೊತೆಗೆ ಕಾರು ಬೇಗ ನಿಲ್ಲುತ್ತದೆ.

ಲೆಕ್ಕದ_ಮೇಷ್ಟ್ರು

ಮೊದಲ ಮಾತು ಅರ್ಧ ಸರಿ. ಎರಡನೇದು ತಪ್ಪು.

ಎರಡನೇದನ್ನೇ ಮೊದಲು ತಗೊಳ್ಳೋಣ. 100 ಕಿ.ಮೀ. ವೇಗದಲ್ಲಿ ಜೋರಾಗಿ ಬ್ರೇಕ್ ತುಳಿದರೆ ನಿಮ್ಮ ಈಗಿನ ಕಾರಿನಲ್ಲಿ ಎಬಿಎಸ್ ಕಟಕಟ ಅನ್ನುತ್ತದಾ? ಅನ್ನುತ್ತದೆ ಅಂದರೆ ಈಗಿರುವ ಒಂದೇ ಪಿಸ್ಟನ್‌ಗೆ ಟೈರಿನ ಹಿಡಿತ ಮೀರುವಷ್ಟು ಶಕ್ತಿ ಇದೆ ಅಂತ ಅರ್ಥ. ಅದರ ಮೇಲೆ 6 ಹಾಕಿ, 12 ಹಾಕಿ, ಟೈರ್ ಅದೇ. ಟೈರಿನ ಹಿಡಿತ (ರಸ್ತೆ ಜೊತೆಗಿನ ಘರ್ಷಣೆಯ ಅಳತೆ) 0.8 ಇದ್ದರೆ 100ರಿಂದ ನಿಲ್ಲಲು ಸುಮಾರು 49 ಮೀಟರ್ ಬೇಕು. ಅದೇ 1.0 ಇದ್ದರೆ 39 ಮೀಟರ್. ಹತ್ತು ಮೀಟರ್ ಅಂದರೆ ಎರಡು ಕಾರಿನ ಉದ್ದ. ಯಾವ ಕ್ಯಾಲಿಪರ್ ಕಿಟ್ಟೂ ಒಂದೇ ಸಲದ ಬ್ರೇಕಿಂಗ್‌ನಲ್ಲಿ ಅಷ್ಟು ಉಳಿಸಿಕೊಡುವುದಿಲ್ಲ, ಒಳ್ಳೆಯ ಟೈರ್ ಕೊಡುತ್ತದೆ.

ಇನ್ನು 6 ಪಿಸ್ಟನ್ ಅಂದರೆ 6 ಪಟ್ಟು ಶಕ್ತಿ ಅಲ್ಲ. ಸ್ಲೈಡಿಂಗ್ ಕ್ಯಾಲಿಪರ್‌ನಲ್ಲಿ ಪಿಸ್ಟನ್ ಒಂದು ಕಡೆಯಿಂದ ಒತ್ತುತ್ತದೆ, ಅದರ ಪ್ರತಿಕ್ರಿಯೆಗೆ ಕ್ಯಾಲಿಪರ್ ಮೈಯೇ ಜಾರಿ ಇನ್ನೊಂದು ಕಡೆಯ ಪ್ಯಾಡನ್ನು ಎಳೆಯುತ್ತದೆ. ಹಾಗಾಗಿ ಫಿಕ್ಸೆಡ್ ಕ್ಯಾಲಿಪರ್ (ಮೈ ಜಾರದ, ಎರಡೂ ಬದಿ ಪಿಸ್ಟನ್ ಇರುವುದು) ಜೊತೆ ಹೋಲಿಸುವಾಗ ಅದರ ಒಂದು ಬದಿಯ ಪಿಸ್ಟನ್‌ಗಳನ್ನು ಮಾತ್ರ ಎಣಿಸಬೇಕು. 57 ಮಿ.ಮೀ. ಒಂದು ಪಿಸ್ಟನ್ನಿನ ವಿಸ್ತೀರ್ಣ 25.5 ಚದರ ಸೆಂ.ಮೀ. ಒಂದು ಬದಿಗೆ 27, 32, 38 ಮಿ.ಮೀ. ಹೀಗೆ ಮೂರು ಪಿಸ್ಟನ್ ಇರುವ 6 ಪಿಸ್ಟನ್ ಕ್ಯಾಲಿಪರ್‌ನಲ್ಲಿ ಎಷ್ಟು? 25.1. ಒಂದು ಕೂದಲು ಕಡಿಮೆಯೇ! ಹಾಗಾದರೆ ಲಾಭ ಎಲ್ಲಿ? ಉದ್ದನೆಯ ಪ್ಯಾಡ್ ಮೇಲೆ ಒತ್ತಡ ಸಮನಾಗಿ ಬೀಳುತ್ತದೆ, ಕ್ಯಾಲಿಪರ್ ಮೈ ಕಡಿಮೆ ಬಾಗುತ್ತದೆ, ಪೆಡಲ್ ಚೆನ್ನಾಗಿ ಅನ್ನಿಸುತ್ತದೆ. ಅದಕ್ಕೂ ಬೆಲೆ ಇದೆ, ಆದರೆ ಅದನ್ನು ಶಕ್ತಿ ಅಂತ ಕರೆಯಬಾರದು.

ವಿಸ್ತೀರ್ಣ ಜಾಸ್ತಿ ಇರುವ ಕ್ಯಾಲಿಪರ್ ಹಾಕಿದರೋ, ಅದಕ್ಕೆ ಜಾಸ್ತಿ ಆಯಿಲ್ ತಳ್ಳಬೇಕು. ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಹಳೇದೇ ಆದ್ದರಿಂದ ಪೆಡಲ್ ಇನ್ನೂ ಉದ್ದಕ್ಕೆ ಹೋಗುತ್ತದೆ.

ಬಿಸಿಯ ವಿಷಯ ಸಂಜೆ ಬರೆಯುತ್ತೇನೆ.

ನಿಧಾನ_ರಾಜ

ನಾಲ್ಕು ವರ್ಷದ ಟೈರ್ ಗುಂಡಿ ಇದ್ದ ಮಾತ್ರಕ್ಕೆ ಚೆನ್ನಾಗಿದೆ ಅಂತಲ್ಲ. ರಬ್ಬರ್ ಗಟ್ಟಿಯಾಗಿರುತ್ತದೆ. ಉಗುರಲ್ಲಿ ಒತ್ತಿ ನೋಡಿ, ಹೊಸ ಟೈರ್ ಪಕ್ಕ ಇಟ್ಟು ನೋಡಿದರೆ ಗೊತ್ತಾಗುತ್ತದೆ.

ಲೆಕ್ಕದ_ಮೇಷ್ಟ್ರು

ಬಂದೆ. ಬಿಸಿಯ ಲೆಕ್ಕ.

1500 ಕೆ.ಜಿ. ಕಾರು 100ರಿಂದ ನಿಂತರೆ ಸುಮಾರು 580 ಕಿಲೋಜೂಲ್ ಶಾಖ. ಶೇ. 70 ಮುಂದಿನ ಎರಡು ಡಿಸ್ಕಿಗೆ ಅಂತ ಇಟ್ಟುಕೊಂಡರೆ ಒಂದಕ್ಕೆ 200. ಡಿಸ್ಕ್ 8 ಕೆ.ಜಿ. ಇದ್ದರೆ ಒಂದು ಸಲ ನಿಂತಾಗ ಏರುವುದು 55 ಡಿಗ್ರಿ ಆಸುಪಾಸು. ಏನೂ ಅಲ್ಲ. 200ರಿಂದ ನಿಂತರೆ ಅದರ ನಾಲ್ಕು ಪಟ್ಟು, 220 ಡಿಗ್ರಿ, ವೇಗ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟಾಗುವುದರಿಂದ. ಟ್ರ್ಯಾಕ್‌ನವರು ಡಿಸ್ಕ್ ಸೈಜಿಗೆ ತಲೆ ಕೆಡಿಸಿಕೊಳ್ಳುವುದು ಇದಕ್ಕೇ.

ಆದರೆ ಬೆಟ್ಟ ಇಳಿಯುವುದು ಬೇರೆಯೇ ಆಟ. 500 ಮೀಟರ್ ಎತ್ತರದಿಂದ ಇಳಿದರೆ ಬಿಡುಗಡೆ ಆಗುವ ಶಕ್ತಿ ಸುಮಾರು 7350 ಕಿಲೋಜೂಲ್. ಅಂದರೆ 100ರಿಂದ 12-13 ಸಲ ಸತತವಾಗಿ ನಿಲ್ಲಿಸಿದಷ್ಟು. ಗಾಳಿ, ಟೈರಿನ ಉರುಳು ಸ್ವಲ್ಪ ತಿನ್ನುತ್ತದೆ. ಉಳಿದದ್ದು ಎಂಜಿನ್ ಬ್ರೇಕಿಂಗ್ ಅಥವಾ ಡಿಸ್ಕ್. ಮೇಲಿನ ಗೇರಲ್ಲಿ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಪಾಪ 312 ಏನು ಮಾಡುತ್ತದೆ, 355 ಏನು ಮಾಡುತ್ತದೆ? ದೊಡ್ಡದು ಸ್ವಲ್ಪ ತಡವಾಗಿ ಬಿಸಿಯಾಗುತ್ತದೆ, ಅಷ್ಟೇ. ಎರಡನೇ ಅಥವಾ ಮೂರನೇ ಗೇರಿಗೆ ಇಳಿಸಿ, ತಿರುವಿಗೆ ಮುಂಚೆ ಒಮ್ಮೆ ಗಟ್ಟಿಯಾಗಿ ಒತ್ತಿ ಬಿಟ್ಟುಬಿಡಿ. ಬಿಟ್ಟ ಹೊತ್ತಲ್ಲಿ ಡಿಸ್ಕ್ ಉಸಿರಾಡುತ್ತದೆ.

ಕೆಂಪು_ಹ್ಯಾಚ್

ಎಬಿಎಸ್ ಬರುತ್ತದೆ ಸರ್, ತುಳಿದರೆ ಸಾಕು. ಆಟೊಮ್ಯಾಟಿಕ್ ಗೇರ್‌ಬಾಕ್ಸ್, ಡಿ ಯಲ್ಲೇ ಬಿಟ್ಟು ಇಳಿಯುತ್ತಿದ್ದೆ. ಇನ್ನು ಸ್ಟೀರಿಂಗ್ ಹಿಂದಿನ ಗೇರ್ ಪ್ಯಾಡಲ್‌ಗೆ ಕೈ ಹಾಕುತ್ತೇನೆ.

ಮುಂದೆ ಮಾತ್ರ ದೊಡ್ಡದು ಹಾಕಿದರೆ ಹಿಂದಿನ ಬ್ರೇಕ್‌ಗೆ ಏನಾದರೂ ತೊಂದರೆ ಇದೆಯಾ? ಕಿಟ್ ಮಾರುವವರು ಏನೂ ಇಲ್ಲ ಅನ್ನುತ್ತಾರೆ.

ಲೆಕ್ಕದ_ಮೇಷ್ಟ್ರು

ಮಾರುವವರು ಇನ್ನೇನು ಹೇಳಿಯಾರು!

ಪಿಸ್ಟನ್ ವಿಸ್ತೀರ್ಣ ಒಂದೇ ಇದ್ದರೂ ಡಿಸ್ಕ್ 312ರಿಂದ 355 ಆದಾಗ ಪ್ಯಾಡ್ ಹಿಡಿಯುವ ಜಾಗ ಕೇಂದ್ರದಿಂದ ದೂರ ಹೋಗುತ್ತದೆ. ಸುಮಾರು ಶೇ. 15 ಜಾಸ್ತಿ ಬ್ರೇಕ್, ಮುಂದೆ ಮಾತ್ರ. ಮುಂಚೆ 70ಕ್ಕೆ 30 ಇದ್ದ ಹಂಚಿಕೆ 73ಕ್ಕೆ 27 ಆಗುತ್ತದೆ. ಮುಂದಿನ ಟೈರ್ ಮೊದಲೇ ಸಾಕಾಯಿತು ಅನ್ನುತ್ತದೆ, ಹಿಂದಿನ ಟೈರ್‌ನಲ್ಲಿ ಇನ್ನೂ ಹಿಡಿತ ಉಳಿದಿರುತ್ತದೆ. ಮೂತಿ ಕೆಳಗೆ ಹೋಗುವುದೂ ಜಾಸ್ತಿ ಅನ್ನಿಸುತ್ತದೆ. ಎಬಿಎಸ್ ಇಲ್ಲದ ಹಳೇ ಕಾರಿನಲ್ಲಿ ಇಂಥ ಕಿಟ್ ಹಾಕಿ ನಿಲ್ಲುವ ದೂರ ಜಾಸ್ತಿ ಆಗುವುದೂ ಉಂಟು.

ಆರು_ಪಿಸ್ಟನ್

ಈಗಿನ ಕಾರಿನಲ್ಲಿ ಎಬಿಎಸ್ ಇದೆಯಲ್ಲ ಮೇಷ್ಟ್ರೇ. ಮುಂದಿನ ಚಕ್ರ ಲಾಕ್ ಆಗುವ ಹೊತ್ತಿಗೆ ಅದು ಮುಂದಿನ ಒತ್ತಡ ತಡೆಯುತ್ತದೆ, ನಾನು ಇನ್ನೂ ತುಳಿದರೆ ಹಿಂದಕ್ಕೆ ಒತ್ತಡ ಹೋಗುತ್ತಲೇ ಇರುತ್ತದೆ. ಪೂರ್ತಿ ತುಳಿದಾಗ ನಾಲ್ಕೂ ಟೈರ್ ದುಡಿಯುತ್ತವೆ. ಪುಸ್ತಕದ ಲೆಕ್ಕ ರಸ್ತೆಯಲ್ಲಿ ನಡೆಯಲ್ಲ.

ಲೆಕ್ಕದ_ಮೇಷ್ಟ್ರು

ಸರಿಯಾದ ಮಾತು, ಒಪ್ಪಿದೆ. ಗಾಬರಿಯಲ್ಲಿ ಪೂರ್ತಿ ತುಳಿದಾಗ ವ್ಯತ್ಯಾಸ ಕಡಿಮೆ. ಅದಕ್ಕಿಂತ ಕೆಳಗಿನ ಬ್ರೇಕಿಂಗ್‌ನಲ್ಲಿ, ಅಂದರೆ ನಾವು ದಿನಾ ಮಾಡುವುದರಲ್ಲಿ, ಹಂಚಿಕೆ ಬದಲಾದದ್ದು ಇದ್ದೇ ಇರುತ್ತದೆ. ಆ ಎಬಿಎಸ್ ಸಾಫ್ಟ್‌ವೇರ್ ಕೂಡ ಹಳೇ ಡಿಸ್ಕ್, ಹಳೇ ಕ್ಯಾಲಿಪರ್‌ಗೆ ಹೊಂದಿಸಿದ್ದು. ಇಷ್ಟು ಒತ್ತಡಕ್ಕೆ ಇಷ್ಟು ಬ್ರೇಕ್ ಅಂತ ಅದರ ಅಂದಾಜು. ಕೆಲಸ ಮಾಡುತ್ತದೆ, ಸ್ವಲ್ಪ ಒರಟಾಗಿ. ಹಾಗಾಗಿ ಕಿಟ್ಟೇ ಬೇಕು ಅಂದರೆ ನಿಮ್ಮ ಮಾಡೆಲ್ಲಿನ ಮೇಲಿನ ವೇರಿಯಂಟ್‌ಗೆ ಕಂಪನಿಯೇ ಹಾಕುವ ದೊಡ್ಡ ಬ್ರೇಕ್ ಇದೆಯಾ ಅಂತ ಮೊದಲು ಹುಡುಕಿ. ಹಂಚಿಕೆ ಲೆಕ್ಕ ಅವರೇ ಮಾಡಿರುತ್ತಾರೆ, ಡಸ್ಟ್ ಸೀಲ್ ಇರುತ್ತದೆ, ಪ್ಯಾಡ್ ಎಲ್ಲ ಕಡೆ ಸಿಗುತ್ತದೆ.

17ನಂಬರ್_ಸ್ಪ್ಯಾನರ್

ಡಸ್ಟ್ ಸೀಲ್ ಮಾತು ಬಂದಿದ್ದು ಒಳ್ಳೇದಾಯ್ತು. ರೇಸಿಗೆ ಅಂತ ಮಾಡಿದ ಎಷ್ಟೋ ಕ್ಯಾಲಿಪರ್‌ಗಳಲ್ಲಿ ಪಿಸ್ಟನ್ ಸುತ್ತ ಧೂಳು ತಡೆಯುವ ರಬ್ಬರ್ ಇರುವುದೇ ಇಲ್ಲ. ಅಲ್ಲಿ ಪದೇ ಪದೇ ಬಿಚ್ಚಿ ಸೀಲ್ ಬದಲಿಸುತ್ತಾರೆ, ನಡೆಯುತ್ತದೆ. ಮಳೆ, ಕೆಸರು, ಧೂಳಲ್ಲಿ ದಿನಾ ಓಡುವ ಕಾರಿಗೆ ಅದು ತಲೆನೋವು. ಕೊಳ್ಳುವ ಮುಂಚೆ ಕೇಳಿ.

ಚಕ್ರದ ಇಂಚು ನೋಡಿದರೆ ಸಾಲದು. ಕಡ್ಡಿಗಳ ಒಳಬದಿಗೆ ಕ್ಯಾಲಿಪರ್ ತಾಗುತ್ತದಾ ಅನ್ನುವುದು ಮುಖ್ಯ. ಕಿಟ್ ತಯಾರಕರು ಕಾಗದದ ಅಚ್ಚು ಕೊಡುತ್ತಾರೆ, ಅದನ್ನು ರಟ್ಟಿಗೆ ಅಂಟಿಸಿ ಕತ್ತರಿಸಿ ಚಕ್ರದೊಳಗೆ ಇಟ್ಟು ತಿರುಗಿಸಿ ನೋಡಿ. ಸ್ಪೇರ್ ಚಕ್ರಕ್ಕೂ ಹಾಗೇ ನೋಡಿ, ಅದು ಹೆಚ್ಚಾಗಿ ಚಿಕ್ಕದಿರುತ್ತದೆ, ನಡುದಾರಿಯಲ್ಲಿ ಮುಂದಿನ ಟೈರ್ ಪಂಕ್ಚರ್ ಆದಾಗ ಅದು ಕೂರದಿದ್ದರೆ ಸ್ಪೇರ್ ಇದ್ದೂ ಇಲ್ಲದ ಹಾಗೆ.

ಈಗ ನಿಮ್ಮ ಸ್ಟೀರಿಂಗ್ ನಡುಕ. "ಡಿಸ್ಕ್ ಬೆಂಡ್" ಅನ್ನುವುದು ಹೆಚ್ಚಿನ ಸಲ ನಿಜ ಅಲ್ಲ. ಬಿಸಿ ಪ್ಯಾಡನ್ನು ಒಂದೇ ಜಾಗದಲ್ಲಿ ಒತ್ತಿ ಹಿಡಿದು ನಿಂತರೆ ಅಲ್ಲಿ ಪ್ಯಾಡಿನ ಪದರ ದಪ್ಪ ಅಂಟಿಕೊಳ್ಳುತ್ತದೆ. ಅಥವಾ ಹಬ್ (ಡಿಸ್ಕ್, ಚಕ್ರ ಕೂರುವ ಭಾಗ) ಮುಖದ ಮೇಲೆ ತುಕ್ಕು ಕೂತು ಡಿಸ್ಕ್ ಒಂಚೂರು ಓರೆ ಕೂತಿರುತ್ತದೆ. ಹಾಗೆ ಓರೆ ಓಡಿ ಓಡಿ ಸಾವಿರಾರು ಕಿ.ಮೀ. ಆದ ಮೇಲೆ ಡಿಸ್ಕಿನ ದಪ್ಪವೇ ಒಂದೊಂದು ಕಡೆ ಒಂದೊಂದು ಥರ ಆಗುತ್ತದೆ. ಮಿಲಿಮೀಟರಿನ ನೂರನೇ ಒಂದೆರಡು ಪಾಲು ಹೆಚ್ಚುಕಡಿಮೆ ಆದರೂ ಕೈಗೆ ಗೊತ್ತಾಗುತ್ತದೆ. ಡಿಸ್ಕ್ ಬಿಚ್ಚಿ, ಹಬ್ಬನ್ನು ವೈರ್ ಬ್ರಷ್‌ನಲ್ಲಿ ಲೋಹ ಹೊಳೆಯುವವರೆಗೆ ಉಜ್ಜಿ, ಓರೆ ಅಳೆಯುವ ಡಯಲ್ ಗೇಜ್ ಇಟ್ಟು ನೋಡಿ. ಚಕ್ರದ ನಟ್ಟುಗಳನ್ನು ಟಾರ್ಕ್ ವ್ರೆಂಚಿನಲ್ಲೇ ಬಿಗಿಯಿರಿ. ಹಬ್ ಉಜ್ಜದೆ ದೊಡ್ಡ ಡಿಸ್ಕ್ ಹಾಕಿದರೆ ದೊಡ್ಡ ನಡುಕ ಬರುತ್ತದೆ.

ಡಿಸ್ಕ್ ಅಂಚಿನಲ್ಲೋ ನಡುಭಾಗದಲ್ಲೋ ಕನಿಷ್ಠ ದಪ್ಪ ಕೊರೆದಿರುತ್ತದೆ. ಅದಕ್ಕಿಂತ ಕೆಳಗೆ ಹೋಗಿದ್ದರೆ ಚರ್ಚೆ ಬೇಡ, ಬದಲಿಸಿ.

ನಿಧಾನ_ರಾಜ

ತೂತು ಇರುವ ಡಿಸ್ಕ್ ಹಾಕಿದರೆ ತಂಪಾಗಿ ಇರುತ್ತದಂತಲ್ಲ?

17ನಂಬರ್_ಸ್ಪ್ಯಾನರ್

ತೂತು ಕೊರೆದಷ್ಟು ಕಬ್ಬಿಣ ಹೋಯಿತು, ಶಾಖ ಹಿಡಿಯುವ ತೂಕ ಹೋಯಿತು. ಜೋರಾಗಿ ಓಡಿಸಿದರೆ ತೂತಿನ ಅಂಚಿಂದಲೇ ಬಿರುಕು ಶುರುವಾಗುತ್ತದೆ. ಮಳೆಯಲ್ಲಿ ಮೊದಲ ಕಚ್ಚು ಸ್ವಲ್ಪ ಚೆನ್ನಾಗಿರುತ್ತದೆ, ನೋಡಲಿಕ್ಕೂ ಚೆಂದ. ಗೀರು ಕೊರೆದ (ಸ್ಲಾಟೆಡ್) ಡಿಸ್ಕ್ ಪರವಾಗಿಲ್ಲ, ಪ್ಯಾಡ್ ಮೇಲಿನ ಜಿಡ್ಡು ಕೆರೆಯುತ್ತದೆ, ಪ್ಯಾಡನ್ನೂ ಸ್ವಲ್ಪ ಬೇಗ ಸವೆಸುತ್ತದೆ. ರಸ್ತೆಗೆ ಒಳ್ಳೆಯ ಸಾದಾ ವೆಂಟಿಲೇಟೆಡ್ (ಒಳಗೆ ಗಾಳಿ ಹಾಯುವ) ಡಿಸ್ಕ್ ಸಾಕು.

ಎಣ್ಣೆ_ಕೈ

ಪ್ಯಾಡ್ ಬಗ್ಗೆ ಯಾರೂ ಹೇಳಲಿಲ್ಲ, ನಾನೇ ಹೇಳ್ತೀನಿ. ನನ್ನ ಪ್ರಕಾರ ದುಡ್ಡು ಹಾಕಿದ್ದಕ್ಕೆ ಅತಿ ಹೆಚ್ಚು ವಾಪಸ್ ಕೊಡುವುದು ಇದೇ.

ರೇಸ್ ಪ್ಯಾಡ್ ಬೇಡ. ಅದು ಬಿಸಿಯಾದ ಮೇಲೆ ಕೆಲಸ ಮಾಡಲು ಹುಟ್ಟಿದ್ದು. ಬೆಳಿಗ್ಗೆ ಮನೆಯಿಂದ ಹೊರಟು ಮೊದಲ ತಿರುವಲ್ಲಿ ಮಗು ಅಡ್ಡ ಬಂದರೆ ತಣ್ಣನೆ ರೇಸ್ ಪ್ಯಾಡ್ ಕಾಯಿಸಿಕೊಂಡು ಕೂರುತ್ತದೆ. ಕಿರುಚಾಟ, ಧೂಳು, ಡಿಸ್ಕ್ ತಿನ್ನುವುದು ಬೇರೆ. ಫಾಸ್ಟ್ ರೋಡ್ ಅಂತ ಕರೆಯುವ ದರ್ಜೆಯದು ತಗೊಳ್ಳಿ, ತಣ್ಣಗಿದ್ದಾಗಲೂ ಕಚ್ಚಬೇಕು, 500 ಡಿಗ್ರಿ ಹತ್ತಿರ ಹೋದರೂ ಜಾರಬಾರದು. ಕೆಲವು ಪ್ಯಾಡಿನ ಅಂಚಿನಲ್ಲಿ ಎಫ್‌ಎಫ್, ಜಿಜಿ ಅಂತ ಎರಡಕ್ಷರ ಅಚ್ಚಾಗಿರುತ್ತದೆ. ಮೊದಲನೇದು ಸಾಮಾನ್ಯ ಬಿಸಿಯಲ್ಲಿನ ಘರ್ಷಣೆ, ಎರಡನೇದು ಜಾಸ್ತಿ ಬಿಸಿಯಲ್ಲಿ. ಇ ಅಂದರೆ 0.25ರಿಂದ 0.35, ಎಫ್ ಅಂದರೆ 0.35ರಿಂದ 0.45, ಜಿ ಅಂದರೆ 0.45ರಿಂದ 0.55. ಎರಡನೇ ಅಕ್ಷರ ಮೊದಲನೇದಕ್ಕಿಂತ ಕೆಳಗಿದ್ದರೆ ಬಿಸಿಯಲ್ಲಿ ಜಾರುವ ಪ್ಯಾಡ್. ಅದೊಂದನ್ನೇ ನಂಬಿ ಕೊಳ್ಳಬೇಡಿ, ಆದರೆ ಬೇಡದ್ದನ್ನು ಪಕ್ಕಕ್ಕಿಡಲು ಸಾಕು.

ಹಾಕಿದ ಮೇಲೆ ಬೆಡ್ಡಿಂಗ್, ಅಂದರೆ ಪ್ಯಾಡಿನ ಪದರ ಡಿಸ್ಕ್ ಮೇಲೆ ಸಮನಾಗಿ ಕೂರಿಸುವುದು, ಮಾಡಲೇಬೇಕು. ಖಾಲಿ ರಸ್ತೆ ನೋಡಿ, ಹಿಂದೆ ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು, 80ರಿಂದ 15-20ಕ್ಕೆ ಇಳಿಸಿ, ಪೂರ್ತಿ ನಿಲ್ಲಿಸಬೇಡಿ, ಮತ್ತೆ ವೇಗ ತಗೊಳ್ಳಿ. ಹೀಗೆ ಎಂಟು ಹತ್ತು ಸಲ, ಒತ್ತು ಸ್ವಲ್ಪ ಸ್ವಲ್ಪ ಹೆಚ್ಚಿಸುತ್ತಾ. ಸುಟ್ಟ ವಾಸನೆ ಬಂದರೆ ಗಾಬರಿ ಬೇಡ. ಆಮೇಲೆ ಬ್ರೇಕ್ ಮುಟ್ಟದೆ ಆರಾಮಾಗಿ ಓಡಿಸಿ ತಣ್ಣಗಾಗಲು ಬಿಡಿ. ಪ್ಯಾಡ್ ಡಬ್ಬದಲ್ಲಿ ಬೇರೆ ಥರ ಬರೆದಿದ್ದರೆ ಅದನ್ನೇ ಮಾಡಿ. ಡಿಸ್ಕ್ ಮೇಲೆ ಒಂದೇ ಸಮ ಬೂದು ನೀಲಿ ಬಣ್ಣ ಬಂದರೆ ಪದರ ಚೆನ್ನಾಗಿ ಕೂತಿದೆ ಅಂತ.

ಸ್ಟೀಲ್ ಹೆಣೆದ ಹೋಸ್ ಹಾಕಿಸಿದರೆ ಪೆಡಲ್ ಸ್ವಲ್ಪ ಚುರುಕು ಅನ್ನಿಸುತ್ತದೆ, ನಿಲ್ಲುವ ದೂರ ಬದಲಾಗುವುದಿಲ್ಲ. ಹೇಗಿದ್ದರೂ ಆಯಿಲ್ ಬದಲಿಸುತ್ತೀರಿ, ಆಗಲೇ ಮಾಡಿಸಿದರೆ ಕೂಲಿ ಉಳಿಯುತ್ತದೆ. ಸ್ಟೀರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ಎಲ್ಲೂ ಉಜ್ಜುವುದಿಲ್ಲ ಅಂತ ನೋಡಿ. ತಾಮ್ರದ ವಾಷರ್ ಹೊಸದೇ ಹಾಕಿ.

ಕೆಂಪು_ಹ್ಯಾಚ್

ಎಲ್ಲ ಮಾಡಿಸಿದೆ. ಡಾಟ್ 5.1 ಆಯಿಲ್, ಫಾಸ್ಟ್ ರೋಡ್ ಪ್ಯಾಡ್, ಹಬ್ ಉಜ್ಜಿ ಹೊಸ ಸಾದಾ ಡಿಸ್ಕ್. ಹೊರಗೆ ಬಂದ ಹಳೇ ಆಯಿಲ್ ಕಾಫಿ ಬಣ್ಣ ಇತ್ತು. ಹೊಸ ಟೈರ್ ಮುಂದಿನ ತಿಂಗಳು. ಡಿಸ್ಕ್ ಅಂಚಿಗೆ ಬಿಸಿ ಅಳೆಯುವ ಪೇಂಟ್ ಕೂಡ ಹಚ್ಚಿದ್ದೆ, ಮೂರು ಬಣ್ಣ, 430, 560, 610 ಡಿಗ್ರಿಗೆ ಒಂದೊಂದು ಬದಲಾಗುವುದು. ಅದೇ ಬೆಟ್ಟ ಇಳಿದು ಬಂದೆ, ಈ ಸಲ ಕೆಳಗಿನ ಗೇರಲ್ಲಿ. ಪೆಡಲ್ ಮೇಲಿಂದ ಕೆಳಗಿನವರೆಗೂ ಒಂದೇ ಥರ. 430ರ ಗೆರೆ ಬಣ್ಣ ಬದಲಿಸಿದೆ, ಉಳಿದ ಎರಡು ಹಾಗೇ ಇವೆ. ನಡುಕ ಇಲ್ಲ. ನಿಲ್ಲುವ ಮುಂಚೆ ಕೊನೇ ಕ್ಷಣದಲ್ಲಿ ಸಣ್ಣಗೆ ಕೀಂ ಅನ್ನುತ್ತದೆ.

ಲೆಕ್ಕದ_ಮೇಷ್ಟ್ರು

ಪೇಂಟ್ ಹಚ್ಚಿದ್ದು ಬಹಳ ಒಳ್ಳೆಯ ಕೆಲಸ. 430 ದಾಟಿದೆ, 560 ಮುಟ್ಟಿಲ್ಲ. ನಿಮ್ಮ ಪ್ಯಾಡ್ ಸಹಿಸುವ ಬಿಸಿಯ ಒಳಗೇ ಇದ್ದೀರಿ. ಇದೇ ರಸ್ತೆ, ಇದೇ ಓಟಕ್ಕೆ 355 ಬೇಕಿಲ್ಲ. ಮುಂದೆ ಟ್ರ್ಯಾಕ್‌ಗೆ ಹೋಗಿ 610ರ ಗೆರೆಯೂ ಬದಲಾದರೆ ಮತ್ತೆ ಇಲ್ಲಿ ಬನ್ನಿ, ಆಗ ಕಿಟ್ ಮಾತಾಡೋಣ.

ಎಣ್ಣೆ_ಕೈ

ಕೀಂ ಅನ್ನುವುದಕ್ಕೆ ಪ್ಯಾಡ್ ಹಿಂದಿನ ಶಿಮ್ (ಸದ್ದು ತಡೆಯುವ ತೆಳು ತಗಡು) ಇದೆಯಾ ನೋಡಿ, ಪ್ಯಾಡಿನ ಕಿವಿ ಕೂರುವ ಜಾಗ ಉಜ್ಜಿ ಬ್ರೇಕ್ ಗ್ರೀಸ್ ತೆಳ್ಳಗೆ ಹಚ್ಚಿ. ಪ್ಯಾಡ್ ಮುಖಕ್ಕೆ ತಾಗಬಾರದು. ಸ್ಲೈಡ್ ಪಿನ್‌ಗೆ ಸಿಲಿಕೋನ್ ಗ್ರೀಸೇ ಆಗಬೇಕು, ಸಾಮಾನ್ಯ ಗ್ರೀಸ್ ರಬ್ಬರ್ ಊದಿಸುತ್ತದೆ.

ಆರು_ಪಿಸ್ಟನ್

ಎಲ್ಲ ಸರಿ, ಆದರೆ 18 ಇಂಚಿನ ಚಕ್ರದೊಳಗೆ ಆ ಬೋಳು ಕ್ಯಾಲಿಪರ್ ನೋಡಲು ಬೇಜಾರಾಗಲ್ವಾ?

ಕೆಂಪು_ಹ್ಯಾಚ್

ಆಗುತ್ತಿತ್ತು. ಅದಕ್ಕೇ ಕೆಂಪು ಪೇಂಟ್ ಹೊಡೆದುಬಿಟ್ಟೆ.

17ನಂಬರ್_ಸ್ಪ್ಯಾನರ್

ಬ್ಲೀಡ್ ನಿಪ್ಪಲ್ ಮೇಲೂ, ಪ್ಯಾಡ್ ಜಾರುವ ಜಾಗದ ಮೇಲೂ ಹೊಡೆದಿಲ್ಲ ತಾನೇ? ಒಂದು ಫೋಟೋ ಹಾಕಿ.